ಸೊನ್ನೆಗಿಂತ ಕೆಳಗಿನ ಕನ್ನಡ

ಜೇವರ್ಗಿ ಕಾಲೋನಿ, ಕಲಬುರಗಿ
16 ಫೆಬ್ರವರಿ 2025, ರವಿವಾರ

ಫರ್ಹೀನ್,

ಮೊದಲು ‘ಪ್ರೀತಿಯ’ ಎಂದು ಬರೆದೆ. ಆಮೇಲೆ ಹೊಡೆದುಹಾಕಿದೆ. ಆಮೇಲೆ ಆ ಹಾಳೆಯನ್ನೇ ಹರಿದೆ. ಹನ್ನೆರಡು ವರ್ಷ ಮಾತು ಬಿಟ್ಟವರು ಯಾವ ಮುಖ ಇಟ್ಟುಕೊಂಡು ಹಾಗೆಲ್ಲ ಬರೆಯುವುದು? ಅದಕ್ಕೇ ಬರೀ ಹೆಸರು. ನೀನು ಬೈಯುವುದಾದರೆ ಪೂರ್ತಿ ಓದಿ ಬೈ. ಹರಿದು ಬಿಸಾಡುವುದಾದರೂ ಪೂರ್ತಿ ಓದಿ ಬಿಸಾಡು.

ಬೀದರದ ನಿನ್ನ ವಿಳಾಸ ಕೊಟ್ಟವರು ನಿಮ್ಮ ಅಮ್ಮಿ. ಮೊನ್ನೆ ಶುಕ್ರವಾರ ಹೋಗಿದ್ದೆ. ಬಷೀರುನ್ನೀಸಾ ಅಮ್ಮಿ ಬಾಗಿಲು ತೆರೆದು ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿ, “ಯಾರ್ ಬಾ? ಮೃದುಲಾ ಏನು? ಅರೆ, ಕೂದ್ಲೆಲ್ಲಾ ಬೆಳ್ಳಗ್ ಆಗ್ಯಾವಲ್ಲ!” ಎಂದರು. ಕೂಡಿಸಿ ಚಹಾ ಕುಡಿಸಿದರು. ಫೋನ್ ನಂಬರು ಕೇಳಿದಾಗ ಮಾತ್ರ ಮುಖ ಸಣ್ಣದು ಮಾಡಿಕೊಂಡು, “ನಂಬರ್ ನಕ್ಕೋ ಬೇಟಾ, ಕೊಡಬ್ಯಾಡ ಅಂದಾಳ ಆಕಿ. ಪತಾ ಬೇಕಂದ್ರ ಬರ್ಕೋ” ಎಂದರು. ನಾವು ಹೊರಗಿನ ಸದ್ದು ಬರದಂತೆ ರಜಾಯಿ ಕಟ್ಟಿ ನಿನ್ನ ದನಿ ರೆಕಾರ್ಡ್ ಮಾಡಿದ ಆ ಒಳಕೋಣೆಯಲ್ಲಿ ಈಗ ವಾಷಿಂಗ್ ಮೆಷೀನ್ ಇಟ್ಟಿದ್ದಾರೆ.

ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ, ನಿನಗೆ ಗೊತ್ತು. ಕಮಲಾಪುರದ ಅನ್ನಮ್ಮ ಟೀಚರ ನೌಕರಿ ಹೋಯಿತು. ನಾವಿಬ್ಬರೂ ಕೂಡಿ ಮಾಡಿಕೊಟ್ಟ ಪೆಟಗಿ ಕೈಕೊಟ್ಟಿತು, ಅದಕ್ಕೆ ಹೋಯಿತು. ಕೈಕೊಟ್ಟದ್ದು ಪೆಟಗಿಯೋ ನಾನೋ ಎಂಬುದನ್ನು ಹೇಳಲಿಕ್ಕೇ ಈ ಪತ್ರ.

2012ರ ಬೇಸಿಗೆ ನಿನಗೂ ನೆನಪಿರಬೇಕು. ಇಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟಿಗೆಂದು ಕಮಲಾಪುರದ ಆ ಟ್ರಸ್ಟ್ ಶಾಲೆಗೆ ಹೋದಾಗ ಸಕ್ಕರೆ ಕಾಯಿಲೆ ಅನ್ನಮ್ಮ ಟೀಚರ ಎರಡೂ ಕಣ್ಣು ತಿಂದು ಮುಗಿಸಿತ್ತು. ಬೆರಳ ತುದಿಗಳೂ ಜೋಮು ಹಿಡಿದಿದ್ದರಿಂದ ಬ್ರೈಲ್ ಕಲಿಯಲೂ ಆಗಿರಲಿಲ್ಲ. “ಮನ್ಯಾಗ ಕೂತ್ರ ನಾ ಕುರುಡಿ ಆಗ್ತೀನ್ರವ್ವಾ. ಸಾಲ್ಯಾಗಿದ್ರ ಟೀಚರ” ಎಂದಿದ್ದರು. ವಾಪಸ್ ಬರುವಾಗ ಬಸ್ಸು ಕಲಬುರಗಿಯ ಗಂಜ್ ಮುಟ್ಟಿದಾಗ ನೀನು, “ಏ ಮೃದು, ಓದೂ ಪೆಟಗಿ ಮಾಡೂಣು” ಎಂದೆ. ಮಾಡಿದೆವು. ನಾಲ್ಕು ದಪ್ಪ ಗುಂಡಿ, ಒಂದು ಬ್ಯಾಟರಿ, ಕಿವಿಗೆ ಒಂದು ವಾಯರು, ಒಳಗೆ ನಾವೇ ಟೈಪು ಮಾಡಿ ತುಂಬಿದ ಮೂರನೆ, ನಾಲ್ಕನೆ ಇಯತ್ತೆಯ ಪಾಠಗಳು. ಗುಂಡಿ ಒತ್ತಿದರೆ ಒಂದು ಸಾಲು ನಿನ್ನ ದನಿಯಲ್ಲಿ ಅವರ ಕಿವಿಗೆ, ಅವರ ಬಾಯಿಂದ ಮಕ್ಕಳಿಗೆ. ಒಂದು ಕಿವಿ ಪೆಟಗಿಗೆ, ಇನ್ನೊಂದು ಕಿವಿ ಮಕ್ಕಳ ಗದ್ದಲಕ್ಕೆ. ಮಕ್ಕಳು ಅದಕ್ಕೆ ‘ಪೆಟಗಿ ಟೀಚರ್’ ಎಂದು ಹೆಸರಿಟ್ಟರು.

ನಿನ್ನ ದನಿಗೆ ನಾನು ಕೊಟ್ಟ ಕಾಟ ನೆನೆದರೆ ಈಗಲೂ ನಗು ಬರುತ್ತದೆ. ಪೆಟಗಿ ಜೋಡಿಸಿ ಓದಲಿಕ್ಕೆ ಏಳುನೂರು ತುಣುಕು. ಕ, ಕಾ, ಕಿ, ಕೀ. ಅದರಲ್ಲಿ ‘ಫ’ ಬಂದಾಗ ನಾನು ಹಟ ಹಿಡಿದು ಕೂತೆ. ನಮ್ಮ ಮನೆಯಲ್ಲಿ ಫಲ ಎನ್ನುವುದು ಎರಡೂ ತುಟಿ ಕೂಡಿಸಿ. ನಿನ್ನದು ಹಲ್ಲು ತುಟಿಗೆ ತಾಗಿಸಿ ಗಾಳಿ ಬಿಡುವ ಫ. ಅದು ಅಶುದ್ಧ ಎಂದು ಹದಿನಾಲ್ಕು ಸಲ ಹೇಳಿಸಿದೆ, ನಿನ್ನ ಬಾಯಿಂದ ‘ಪ್ಹ’ ಬರುವ ತನಕ. ನೀನು ಸುಸ್ತಾಗಿ ರಜಾಯಿ ಮೇಲೆ ಬಿದ್ದು, “ನನ್ನ ಹೆಸರ್ ನನ್ನ ದನ್ಯಾಗೇ ತಪ್ಪು ಬರ್ತದಲ್ಲೇ ಯವ್ವಾ! ದಿಮಾಕ್ ಖರಾಬ್ ಆಗ್ಯಾದೇನು ನಿಂದು?” ಎಂದು ಚೀರಿದ್ದೆ. ಕನ್ನಡ ಪಾಠದಾಗ ನಿನ್ನ ಹೆಸರು ಎಲ್ಲಿ ಬರ್ತದ ಹೋಗ ಎಂದಿದ್ದೆ ನಾನು.

ಮರುವರ್ಷ ಕಾಲೇಜಿನಲ್ಲಿ ಒಂದೇ ಒಂದು ಲ್ಯಾಬ್ ಇನ್‌ಸ್ಟ್ರಕ್ಟರ್ ಜಾಗ ಖಾಲಿಯಾಯಿತು. ಪ್ರೋಗ್ರಾಮ್ ಬರೆದವರು ಯಾರು ಎಂದು ಹೆಡ್ ಸರ್ ಕೇಳಿದರು. ನಾನೇ ಬರೆದದ್ದು, ಫರ್ಹೀನ್ ದನಿ ಕೊಟ್ಟಳು ಅಷ್ಟೇ ಎಂದೆ. ನೀನು ಬಾಗಿಲ ಹೊರಗೆ ನಿಂತಿದ್ದೆ ಎಂದು ನನಗೆ ಆಮೇಲೆ ಗೊತ್ತಾಯಿತು. ಮೊದಲೇ ಗೊತ್ತಿದ್ದರೂ ಅದನ್ನೇ ಹೇಳುತ್ತಿದ್ದೆನೇನೋ. ಆ ನೌಕರಿಯಲ್ಲೇ ಇವತ್ತಿಗೂ ಇದ್ದೇನೆ.

ಹೋದ ದೀಪಾವಳಿಗೆ ಪೆಟಗಿ ಸತ್ತಿತು. ನಾವು ಮಾಡಿದ ಮೂರು ಪೆಟಗಿಗಳಲ್ಲಿ ಎರಡನ್ನು ಬಿಚ್ಚಿ ಇದಕ್ಕೇ ಸಾಮಾನು ಹಾಕುತ್ತ ಬಂದಿದ್ದೆ. ಈ ಸಲ ಹೋದದ್ದು ಬೋರ್ಡು. ಆ ಜಾತಿಯ ಪ್ರೊಸೆಸರ್ ಇರುವ ಸಣ್ಣ ಬೋರ್ಡನ್ನು ಈಗ ಯಾರೂ ಮಾಡುವುದಿಲ್ಲ. ಕಲಬುರಗಿ ಬಿಡು, ಹೈದರಾಬಾದಿನಲ್ಲೂ ವಿಚಾರಿಸಿದೆ. ಅದೇ ಹೊತ್ತಿಗೆ ಟ್ರಸ್ಟಿಗೆ ಹೊಸ ಸೆಕ್ರೆಟರಿ ಬಂದಿದ್ದರು. ಜನವರಿ ಇಪ್ಪತ್ತಕ್ಕೆ ಕಮಿಟಿ ತರಗತಿಯಲ್ಲೇ ಕೂತು ನೋಡುತ್ತದೆ, ಅವತ್ತು ಹೊಸ ಪುಸ್ತಕದಿಂದ ಪಾಠ ಮಾಡಿ ತೋರಿಸದಿದ್ದರೆ ಅನ್ನಮ್ಮ ಟೀಚರು ಮನೆಗೆ ಹೋಗಬೇಕು ಎಂದು ಹೇಳಿಬಿಟ್ಟರು. ಟೀಚರು ಗಂಡ ಭಾಗಪ್ಪನವರ ಟಂಟಂ ಆಟೋದಲ್ಲಿ ಕೂತು ಅಷ್ಟು ದೂರದಿಂದ ನಮ್ಮ ಮನೆಗೇ ಬಂದರು. ಸತ್ತ ಪೆಟಗಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ತೊಡೆಯ ಮೇಲೆ ಇಟ್ಟುಕೊಂಡಿದ್ದರು. “ತಂಗಿ, ಇನ್ನ ಆರ್ ವರ್ಷ ಸರ್ವಿಸ್ ಅದ. ಅಲ್ಲೀತನಕ ಇದು ಮಾತಾಡಿದ್ರ ಸಾಕು” ಎಂದರು. ಆಗ್ತದ್ರಿ ಟೀಚರ್ ಎಂದೆ. ಎಷ್ಟು ಸಲೀಸಾಗಿ ಎಂದೆ ನೋಡು.

ಮೊಬೈಲ್ ಓದುವುದಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಓದುತ್ತದೆ. ಜೋಮು ಹಿಡಿದ ಬೆರಳಿಗೆ ಗಾಜು ಸಿಕ್ಕಬೇಕಲ್ಲ! ಅವರಿಗೆ ಗೊತ್ತಿರುವುದು ಆ ನಾಲ್ಕು ಗುಂಡಿ. ನಮ್ಮ ಲ್ಯಾಬಿನಲ್ಲಿ ಮೊಬೈಲಿನ ಜಾತಿಯ ಪ್ರೊಸೆಸರ್ ಇರುವ ಪುಟ್ಟ ಬೋರ್ಡುಗಳು ಬಿದ್ದಿದ್ದವು. ಅದರ ಜೊತೆ ಬರುವ ಸಿದ್ಧ ಸಿಸ್ಟಂ ಹಾಕಿ ನೋಡಿದೆ. ಎದ್ದು ಕೂಡಲಿಕ್ಕೇ ಒಂದು ನಿಮಿಷ ಬೇಕು, ಬ್ಯಾಟರಿ ಎರಡು ತಾಸಿಗೆ ಖಲಾಸ್, ನಮ್ಮ ಗುಂಡಿಗಳ ಗುರುತೇ ಇಲ್ಲ. ಹಾಗಾಗಿ ನಮ್ಮ ಹಳೆಯ ಪುಟ್ಟ ಆಪರೇಟಿಂಗ್ ಸಿಸ್ಟಮನ್ನೇ ಬುಡದಿಂದ ಹೊಸ ಪ್ರೊಸೆಸರಿಗೆ ಕಟ್ಟಬೇಕಾಯಿತು. ಆ ಬೋರ್ಡಿಗೆ ತನ್ನದನ್ನು ತಾನು ಕಟ್ಟಿಕೊಳ್ಳುವ ಶಕ್ತಿ ಇಲ್ಲ. ಲ್ಯಾಬಿನ ದೊಡ್ಡ ಕಂಪ್ಯೂಟರಿನಲ್ಲಿ ಕಟ್ಟಬೇಕು, ಆದರೆ ಕಟ್ಟಿದ್ದು ಅದರ ಮೇಲೆ ನಡೆಯುವುದಿಲ್ಲ. ಇದಕ್ಕೇ ಅನ್ನುವ ಕ್ರಾಸ್ ಕಂಪೈಲ್ ಎಂದರೇನು ಎಂದು ಲ್ಯಾಬಿನ ಹುಡುಗಿಯರು ಕೇಳಿದಾಗ ನಾನು ಹೇಳುವುದು ನಮ್ಮವ್ವನ ಮಡಿ ಅಡುಗೆಯ ಉದಾಹರಣೆ. ನೈವೇದ್ಯಕ್ಕೆ ಮಾಡುವ ಸಾರಿಗೆ ಅವ್ವ ಉಪ್ಪು ಹಾಕುತ್ತಾಳೆ, ರುಚಿ ನೋಡುವುದಿಲ್ಲ, ನೋಡುವ ಹಾಗಿಲ್ಲ. ದೇವರಿಗೆ ಇಟ್ಟು, ಎಲೆಗೆ ಬಡಿಸಿದ ಮೇಲೆಯೇ ಉಪ್ಪಾಗಿದೆಯೋ ಸಪ್ಪೆಯಾಗಿದೆಯೋ ಗೊತ್ತಾಗುವುದು. ನಮ್ಮ ಮನೆಯಲ್ಲಿ ಉಂಡಾಗೆಲ್ಲ ನೀನು ನಗುತ್ತಿದ್ದೆ, “ನಿಮ್ಮವ್ವಗ ದೇವರ ಮ್ಯಾಲಿಲ್ಲ, ಕೈ ಮ್ಯಾಲೆ ಭರೋಸಾ ಅದ” ಎಂದು.

ಮೊದಲ ಆರು ವಾರ ಬರೀ ಸೋಲು. ಹೊಸ ಪ್ರೊಸೆಸರಿನ ಭಾಷೆಗೆ ತಿರುಗಿಸುವ ಕಂಪೈಲರನ್ನು ಮೊದಲು ಕಟ್ಟಬೇಕು. ಅದರಿಂದ ಸಿಸ್ಟಮಿನ ತಿರುಳಾದ ಕರ್ನಲ್, ಆಮೇಲೆ ಪ್ರೋಗ್ರಾಮಿಗೆ ಬೇಕಾಗುವ ಲೈಬ್ರರಿ, ಕೊನೆಗೆ ನಮ್ಮ ಪ್ರೋಗ್ರಾಮ್. ಒಂದು ಸಲ ಕಟ್ಟಲು ನಾಲ್ಕು ತಾಸು. ಮೂರೂವರೆ ತಾಸಿಗೆ ಎರಡು ಕೆಂಪು ಸಾಲು ಬಂದು ನಿಂತುಬಿಡುತ್ತಿತ್ತು. ಒಮ್ಮೆಯಂತೂ ಕಂಪ್ಯೂಟರು ತನ್ನದೇ ಲೈಬ್ರರಿಯನ್ನು ಅದರೊಳಗೆ ಸೇರಿಸಿಬಿಟ್ಟಿತ್ತು. ಮೂರು ದಿನ ತಲೆ ಕೆರೆದುಕೊಂಡೆ. ಈ ಕಡೆ ಅನ್ನಮ್ಮ ಟೀಚರು ದಿನಾ ಸಂಜೆ ಫೋನು ಹಚ್ಚಿ, ಹೇಗಿದೆ ಎಂದು ಕೇಳಲು ನಾಚಿಕೊಂಡು, ನಿಮ್ಮವ್ವನ ಮೊಣಕಾಲು ಹೆಂಗದ ಎಂದು ಕೇಳುತ್ತಿದ್ದರು. ನನಗೆ ರೇಗುತ್ತಿತ್ತು. ಒಂದೆರಡು ಸಲ ಫೋನು ಎತ್ತಲಿಲ್ಲ.

ಸಂಕ್ರಾಂತಿ ಮುಗಿದು ಹದಿನೆಂಟಕ್ಕೆ, ಶನಿವಾರ ಮಧ್ಯಾಹ್ನ, ಬೋರ್ಡು ಮೊದಲ ಸಲ ಪೂರ್ತಿ ಎದ್ದಿತು. ನಾಲ್ಕು ಸೆಕೆಂಡು! ಲ್ಯಾಬಿನಲ್ಲಿ ಒಬ್ಬಳೇ ಚಪ್ಪಾಳೆ ಹೊಡೆದೆ. ವಾಯರು ಕಿವಿಗೆ ಹಚ್ಚಿ ಒನ್ ಟೂ ಥ್ರೀ ಎಂದು ಟೈಪು ಮಾಡಿದೆ. ಅಂಕಿ ಮತ್ತು ಇಂಗ್ಲಿಷಿಗೆ ನಾವು ಆಗ ಎಲ್ಲರಿಗೂ ಪುಕ್ಕಟೆ ಸಿಗುವ ಗಂಡು ದನಿಯೊಂದನ್ನು ತಂದು ಹಾಕಿದ್ದೆವಲ್ಲ, ಅದು ಒನ್ ಟೂ ಥ್ರೀ ಎಂದಿತು. ಗುಡ್ ಮಾರ್ನಿಂಗ್ ಟೀಚರ್ ಎಂದು ಬರೆದೆ, ಅದನ್ನೂ ಹೇಳಿತು. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಕನ್ನಡದ ಒಂದು ಸಾಲನ್ನೂ ಓದಿಸಿ ನೋಡಲಿಲ್ಲ. ಬೋರ್ಡಿಗೆ ಹಚ್ಚಿದ ಕೀಲಿಮಣೆಯಲ್ಲಿ ಕನ್ನಡ ಟೈಪು ಮಾಡಲು ಸೌಕರ್ಯ ಇರಲಿಲ್ಲ, ಹೊತ್ತೂ ಇರಲಿಲ್ಲ.

ಇಪ್ಪತ್ತನೆಯ ತಾರೀಖು ಬಸ್ಸಿನಲ್ಲಿ ಹೋದೆ. ಟೀಚರು ಇಸ್ತ್ರಿ ಮಾಡಿದ ನೀಲಿ ಸೀರೆ ಉಟ್ಟು ಬಾಗಿಲಲ್ಲೇ ನಿಂತಿದ್ದರು. ಗುಂಡಿಗಳನ್ನು ಮುಟ್ಟಿ ನೋಡಿ, “ಅವೇ ಅವ” ಎಂದು ನಕ್ಕರು. ಸೆಕ್ರೆಟರಿ ಮತ್ತು ಇನ್ನಿಬ್ಬರು ಹಿಂದಿನ ಬೆಂಚಿನಲ್ಲಿ ಕೂತರು. ಮೂರನೆ ಇಯತ್ತೆ, ಇಪ್ಪತ್ತಾರು ಮಕ್ಕಳು. ಸೆಕ್ರೆಟರಿ ಹೊಸ ಪುಸ್ತಕದ ಐದನೆಯ ಪಾಠ ಎಂದರು. ಟೀಚರು ಗುಂಡಿ ಒತ್ತಿದರು. ಸ್ವಲ್ಪ ಕಾದರು. ಮತ್ತೆ ಒತ್ತಿದರು. ವಾಯರು ಸಡಿಲಾಗಿದೆ ಎಂದುಕೊಂಡು ಕಿವಿಗೆ ಒತ್ತಿ ಹಿಡಿದರು. ಅವರ ಕಿವಿಯಲ್ಲಿ ಅದು ಫೈವ್ ಎಂದಿತ್ತು, ಅಷ್ಟೇ. ಅಲ್ಲಿಂದ ಮುಂದೆ ಇಡೀ ಪಾಠ ಮೌನ. ಎಲ್ಲೋ ಒಂದು ಕಡೆ ಟ್ವೆಲ್ವ್ ಎಂದಿತಂತೆ.

ನಾನು ಎದ್ದು ಹೋಗಬೇಕಿತ್ತು. ಹೋಗಲಿಲ್ಲ. ಟೀಚರು ಗಂಟಲು ಸರಿ ಮಾಡಿಕೊಂಡು ನೆನಪಿನಿಂದಲೇ ಐದನೆಯ ಪಾಠ ಶುರು ಮಾಡಿದರು, ಒಂದು ಹದ್ದು ಮತ್ತು ಕುಂಬಾರನ ಕಥೆ. ನಗುನಗುತ್ತ, ಕೈ ಆಡಿಸುತ್ತ ಹೇಳಿದರು. ಒಂದು ನಿಮಿಷ ನಾನೂ ಬಚಾವಾದೆವು ಎಂದುಕೊಂಡೆ. ಆಮೇಲೆ ಮುಂದಿನ ಸಾಲಿನ ಮಕ್ಕಳು ಪಾಪ, ಅವರಿಗೆ ಸಹಾಯವಾಗಲಿ ಎಂದೇ, “ಟೀಚರ್, ಅದು ಈ ಬುಕ್ಕಿನ್ಯಾಗ ಇಲ್ರಿ, ಹಳೇದ್ರಿ” ಎಂದರು. ಟೀಚರು ಕುಂಬಾರನ ಮನೆಯ ಬಾಗಿಲಲ್ಲೇ ನಿಂತುಬಿಟ್ಟರು. ಕೈ ಮೇಲೆಯೇ ಇತ್ತು. ಸೆಕ್ರೆಟರಿ ಪುಸ್ತಕ ಮುಚ್ಚಿದರು.

ಹೊರಗೆ ಬಂದು ಅವರು ನನ್ನನ್ನು ಕೇಳಿದರು, ಏನಾಯ್ತು ಮೇಡಂ ಎಂದು. ಟೀಚರು ಪಕ್ಕದಲ್ಲೇ ಇದ್ದರು. ಸಿಸ್ಟಂ ಸರಿಯಾಗೇ ಕಟ್ಟಿದ್ದೇನೆ ಸರ್, ತಪ್ಪಿರುವುದು ಹಳೆಯ ಪ್ರೋಗ್ರಾಮಿನಲ್ಲಿ, ಅದನ್ನು ಬರೆದವರು ಬೇರೆ ಎಂದೆ. ಯಾರು ಎಂದರು. ನಿನ್ನ ಹೆಸರು ಹೇಳಿದೆ, ಫರ್ಹೀನ್. ಅವರು ವಹಿಯಲ್ಲಿ ಬರೆದುಕೊಂಡರು. ಇದನ್ನು ನಿನಗೆ ಬೇರೆ ಯಾರೂ ಹೇಳುವವರಿಲ್ಲ, ಅದಕ್ಕೇ ನಾನೇ ಹೇಳುತ್ತಿದ್ದೇನೆ.

ತಪ್ಪು ಸಿಕ್ಕಿದ್ದು ನಾಲ್ಕನೆಯ ದಿನ. ಒಂದೇ ಸಾಲು. ಕನ್ನಡದ ಒಂದೊಂದು ಅಕ್ಷರವನ್ನೂ ಯಂತ್ರ ಮೂರು ಸಂಖ್ಯೆಗಳಾಗಿ ಇಟ್ಟುಕೊಳ್ಳುತ್ತದೆ. ಹಳೆಯ ಪ್ರೊಸೆಸರಿನ ಲೆಕ್ಕದಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ ಎಲ್ಲ ಸೊನ್ನೆಗಿಂತ ಮೇಲೆ, ನಮ್ಮ ಅಕ್ಷರದ ಸಂಖ್ಯೆಗಳೆಲ್ಲ ಸೊನ್ನೆಗಿಂತ ಕೆಳಗೆ, ಮೈನಸ್. ಅದನ್ನು ನೋಡಿಕೊಂಡು ಪ್ರೋಗ್ರಾಮಿನಲ್ಲಿ ಬರೆದಿದೆ: ಸೊನ್ನೆಗಿಂತ ಕಡಿಮೆ ಇದ್ದರೆ ಕನ್ನಡ, ಫರ್ಹೀನ್ ದನಿಗೆ ಕಳಿಸು. ಹೊಸ ಪ್ರೊಸೆಸರಿನ ಪದ್ಧತಿಯೇ ಬೇರೆ. ಅದೇ ಸಂಖ್ಯೆಗಳನ್ನು ಅದು ಸೊನ್ನೆಯಿಂದ ಮೇಲಕ್ಕೇ ಎಣಿಸುತ್ತದೆ. ಅಲ್ಲಿ ಯಾವುದೂ ಸೊನ್ನೆಗಿಂತ ಕೆಳಗೆ ಇಲ್ಲ. ಅಂದರೆ ಅದರ ಪಾಲಿಗೆ ಕನ್ನಡವೇ ಇಲ್ಲ. ಅಕ್ಷರಗಳೆಲ್ಲ ಇಂಗ್ಲಿಷಿನ ಗಂಡು ದನಿಯ ಬಳಿ ಹೋದವು, ಅವನಿಗೆ ತಿಳಿಯಲಿಲ್ಲ, ಸುಮ್ಮನೆ ದಾಟಿಸಿದ. ಕಟ್ಟುವಾಗ ಹಳೆಯ ರೀತಿ ಎಣಿಸು ಎಂದು ಒಂದು ಪದ ಸೇರಿಸಿದರೆ ಸಾಕಿತ್ತು. ಸೇರಿಸಿದೆ. ಪ್ರೋಗ್ರಾಮೊಂದನ್ನೇ ಮತ್ತೆ ಕಟ್ಟಿದ್ದರಿಂದ ಹನ್ನೊಂದು ನಿಮಿಷದಲ್ಲಿ ಪೆಟಗಿ ಬಾಯಿ ಬಿಟ್ಟಿತು. ಆ ಸಾಲು ಯಾರು ಬರೆದದ್ದೋ ಈಗ ಹೇಗೆ ಹೇಳುವುದು? ಇಬ್ಬರೂ ಒಂದೇ ಕಂಪ್ಯೂಟರಿನ ಮುಂದೆ ಕೂತು ಬರೆದವರು.

ಮರುದಿನವೇ ಕಮಲಾಪುರಕ್ಕೆ ಓಡಿದೆ. ಆರ್ಡರು ಅಷ್ಟರಲ್ಲಿ ಅವರ ಕೈ ಸೇರಿತ್ತು, ಶಾಲೆಗೆ ಹೊಸ ಹುಡುಗಿಯೊಬ್ಬಳು ಬಂದೂ ಆಗಿತ್ತು. ಸೆಕ್ರೆಟರಿಗೆ ಕೈಮುಗಿದು ಇನ್ನೊಂದು ಸಲ ನೋಡಿ ಎಂದೆ. ಆಯಿತಲ್ಲ ಮೇಡಂ, ಇನ್ನೇನು ಎಂದರು. ಟೀಚರು ಮನೆಯಲ್ಲಿ ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದರು. ಪೆಟಗಿಯನ್ನು ಕೈಯಲ್ಲಿಟ್ಟೆ. ಐದನೆಯ ಪಾಠವನ್ನು ಮೊದಲಿಂದ ಕೊನೆಯ ತನಕ ಕೇಳಿದರು, ತುಟಿ ಆಡಿಸುತ್ತ, ತರಗತಿಗೆ ಹೇಳುವ ಹಾಗೆ. ಆಮೇಲೆ ವಾಯರು ಸುತ್ತಿ ನನ್ನ ಕೈಗೇ ವಾಪಸ್ ಕೊಟ್ಟರು. “ಚಲೋ ಓದ್ತದ. ಈಗ ಯಾರಿಗ ಓದಬೇಕವ್ವ ಇದು?” ಎಂದರು. ಪೆಟಗಿಯನ್ನು ಚೀಲಕ್ಕೆ ಹಾಕಿಕೊಂಡೆ. ನಾನು ಏಳುವಾಗ ಅವರು ಇನ್ನೊಂದು ಮಾತು ಹೇಳಿದರು: “ಆಕೀ ತಪ್ಪು ಅಂದೆಲ್ಲ ಅವತ್ತು. ಹನ್ನೆರಡು ವರ್ಷ ಆಕೀ ದನಿ ಕೇಳೀನಿ ನಾ. ಒಂದ್ ದಿನಾನೂ ತಪ್ಪು ಓದಿಲ್ಲ ಆಕಿ.” ನಾನು ಹೌದ್ರಿ ಎಂದೆ, ಅಷ್ಟೇ. ಭಾಗಪ್ಪನವರು ಕೆಂಪು ಬಾಳೆಹಣ್ಣಿನ ಚಿಪ್ಪು ಕೊಟ್ಟು ಬಸ್ಸಿನ ತನಕ ಬಿಟ್ಟರು. ಅದನ್ನು ತಿನ್ನಲಾಗದೆ ಬಸ್ಸಿನಲ್ಲೇ ಬಿಟ್ಟು ಇಳಿದೆ.

ಅದಾದ ಮೇಲೆ ಎರಡು ಸಲ ಹೋದೆ. ಮಲಗ್ಯಾಳ ಎಂದರು ಭಾಗಪ್ಪನವರು, ಎರಡೂ ಸಲ. ಹಗಲು ಹನ್ನೊಂದು ಗಂಟೆಗೆ ಮಲಗುವ ಹೆಂಗಸಲ್ಲ ಅವರು. ಇನ್ನು ಹೋಗುವುದಿಲ್ಲ. ನೀನು ಬಂದು ಏನಾದರೂ ಮಾಡು ಎಂದು ಕೇಳಲಿಕ್ಕೆ ಈ ಪತ್ರವಲ್ಲ, ಮಾಡಲು ಏನೂ ಉಳಿದಿಲ್ಲ. ಯಾರೋ ವಹಿಯಲ್ಲಿ ನಿನ್ನ ಹೆಸರು ಬರೆದುಕೊಂಡಿದ್ದಾರೆ, ಅದು ನಿನಗೆ ತಿಳಿದಿರಲಿ. ಅಮ್ಮಿಗೆ ಫೋನು ಹಚ್ಚುತ್ತಿರು. ಅವರಿಗೆ ಕೆಮ್ಮು ಜಾಸ್ತಿಯಾಗಿದೆ.

ಇಂತಿ,
ಮೃದುಲಾ

ಮರೆತದ್ದು: ಮರೆತದ್ದೇನಲ್ಲ. ಪೋಸ್ಟಿಗೆ ಹಾಕುವ ಮೊದಲು ಈ ಸಲವಾದರೂ ರುಚಿ ನೋಡೋಣ ಎಂದು ಇಡೀ ಪತ್ರವನ್ನು ಟೈಪು ಮಾಡಿ ಪೆಟಗಿಯಲ್ಲಿ ಹಾಕಿದೆ. ವಾಯರು ಕಿವಿಗೆ ಹಚ್ಚಿಕೊಂಡು ಕೂತೆ. ‘ಆ ಸಾಲು ಯಾರು ಬರೆದದ್ದೋ ಈಗ ಹೇಗೆ ಹೇಳುವುದು’ ಎಂದು ನಿನ್ನ ದನಿ ಓದಿತು. ನನ್ನ ಸುಳ್ಳನ್ನು ನಿನ್ನ ಬಾಯಲ್ಲಿ ಕೇಳಿದ ಮೇಲೆ ಮತ್ತೆ ಪೆನ್ನು ಹಿಡಿದೆ. ಆ ಸಾಲು ನನ್ನದು ಫರ್ಹೀನ್. ನಾನೇ ಬರೆದೆ. “ಸೊನ್ನಿ ಮ್ಯಾಲೆ ಭರೋಸಾ ಇಡಬ್ಯಾಡ, ಬ್ಯಾರೆ ಪ್ರೊಸೆಸರಿನ್ಯಾಗ ಮಾರ್ ತಿಂತದ” ಎಂದು ನೀನು ಅವತ್ತೇ ಹೇಳಿದ್ದೆ, ನಾನು ಮೂಗು ಮುರಿದಿದ್ದೆ. ಅವತ್ತು ಶನಿವಾರ ಕನ್ನಡ ಓದಿಸಿ ನೋಡದ್ದಕ್ಕೂ ಹೊತ್ತಿನ ನೆವ ಸುಳ್ಳು. ಹೊಸ ಪುಸ್ತಕದ ಪಾಠಗಳನ್ನೆಲ್ಲ ಮೊದಲೇ ಟೈಪು ಮಾಡಿ ಒಳಗೆ ತುಂಬಿದ್ದೆ, ಒಂದು ಗುಂಡಿ ಒತ್ತಿದ್ದರೆ ಸಾಕಿತ್ತು. ಒತ್ತಿದರೆ ಕಿವಿಯಲ್ಲಿ ನೀನು ಮಾತಾಡುತ್ತಿದ್ದೆ. ಅದಕ್ಕೆ ಹೆದರಿ ಒನ್ ಟೂ ಥ್ರೀ ಕೇಳಿ ಎದ್ದುಬಂದೆ.

ಇನ್ನೊಂದು. ಪೆಟಗಿ ಪತ್ರವನ್ನೆಲ್ಲ ಸರಿಯಾಗಿ ಓದಿತು, ನಿನ್ನ ಹೆಸರೊಂದು ಬಿಟ್ಟು. ಪ್ಹರ್ಹೀನ್ ಎಂದಿತು, ನಾನು ಕಲಿಸಿದ ಹಾಗೆ, ತುಟಿ ಕೂಡಿಸಿ. ಅವತ್ತು ಸೆಕ್ರೆಟರಿಯ ಮುಂದೆ ಮಾತ್ರ ನಾನು ಹಲ್ಲು ತುಟಿಗೆ ತಾಗಿಸಿ, ಗಾಳಿ ಬಿಟ್ಟು, ನೀನು ಹೇಳುವ ಹಾಗೇ ನಿನ್ನ ಹೆಸರನ್ನು ಸ್ಪಷ್ಟವಾಗಿ ಹೇಳಿದ್ದೆ.